ಎರಡು ಅಭಿಪ್ರಾಯಗಳಿವೆ ಅಂತೀರಿ, ನಿಮ್ಮದು ಯಾವುದು ಸರ್?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕನ್ನಡ ಪ್ರಾಧ್ಯಾಪಕರಿಗೆ ಒಬ್ಬ ಕೇಳುಗನ ನಮಸ್ಕಾರ.

ನಾನು ಕಲಬುರಗಿಯಲ್ಲಿ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ನಡೆಸುವವನು. ಓದಿದ್ದು ಬಿ.ಎ. ತನಕ. ಹಳಗನ್ನಡದ ಮೇಲೆ ನೀವು ಯಾರಾದರೂ ಮಾತಾಡುತ್ತೀರಿ ಅಂತ ಗೊತ್ತಾದರೆ ಅಂಗಡಿಯನ್ನು ಹುಡುಗನ ಕೈಗೆ ಕೊಟ್ಟು ಬರುತ್ತೇನೆ. ಬರಲು ಆಗದಿದ್ದರೆ ರೇಡಿಯೊದಲ್ಲೋ ಫೋನಿನಲ್ಲೋ ಕೇಳುತ್ತೇನೆ. ನನ್ನಂಥವರು ಈ ಭಾಗದಲ್ಲಿ ಬಹಳ ಜನ ಇದ್ದೇವೆ. ಬ್ಯಾಂಕಿನವರು, ನಿವೃತ್ತ ಮೇಷ್ಟ್ರು, ನರ್ಸ್‌ಗಳು, ತೊಗರಿ ವ್ಯಾಪಾರ ಮಾಡುವವರು. ನಮಗೆ ಅಂಕ ಬೇಕಿಲ್ಲ, ಪ್ರಮಾಣಪತ್ರ ಬೇಕಿಲ್ಲ. ಪಂಪ, ರನ್ನ, ರಾಘವಾಂಕ, ಕುಮಾರವ್ಯಾಸ ಇವರನ್ನು ಜೀವಮಾನವೆಲ್ಲ ಓದಿದವರ ಬಾಯಿಂದ ಕೇಳಬೇಕು ಅನ್ನುವ ಆಸೆ, ಅಷ್ಟೇ.

ನಮ್ಮ ದೂರು ಒಂದೇ. ನೀವು ಕವಿಯ ಕಾಲ ಹೇಳುತ್ತೀರಿ, ಊರು ಹೇಳುತ್ತೀರಿ, ಛಂದಸ್ಸು ಹೇಳುತ್ತೀರಿ, ಬೇರೆ ವಿದ್ವಾಂಸರು ಏನೆಂದರು ಅನ್ನೋದನ್ನೂ ಹೇಳುತ್ತೀರಿ. ನಿಮಗೆ ಏನನ್ನಿಸಿತು ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಯಾವ ಕಾವ್ಯ ಇಷ್ಟ, ಯಾವುದು ಬೇಸರ ತರಿಸುತ್ತದೆ, ಕವಿ ಎಲ್ಲಿ ಗೆದ್ದ, ಎಲ್ಲಿ ಎಡವಿದ, ಯಾಕೆ? ಇದನ್ನು ಕೇಳಿದರೆ "ತೀರ್ಮಾನವನ್ನು ಸಹೃದಯರಿಗೆ ಬಿಡುತ್ತೇನೆ" ಅನ್ನುತ್ತೀರಿ. ಸಹೃದಯರು ನಾವೇ ಅಲ್ವಾ ಸರ್? ನಾವು ಕೇಳುತ್ತಿರುವುದು ನಿಮ್ಮ ತೀರ್ಮಾನವನ್ನು.

ಒಂದು ಸಂಜೆಯ ಮಾತು ಹೇಳುತ್ತೇನೆ. ಊರಿನ ಒಂದು ಸಭಾಂಗಣದಲ್ಲಿ ಗದಾಯುದ್ಧದ ಮೇಲೆ ಉಪನ್ಯಾಸ ಇತ್ತು. ಮಾತಾಡಿದವರು ಹಿರಿಯರು, ಹೆಸರು ಬೇಡ. ಬಹಳ ಚೆನ್ನಾಗಿ ಶುರು ಮಾಡಿದರು. ರನ್ನ ಮುಧೋಳದ ಬಳೆಗಾರರ ಮನೆಯವನು, ಅತ್ತಿಮಬ್ಬೆಯ ಆಶ್ರಯ ಸಿಕ್ಕಿತು, ಚಾಲುಕ್ಯ ರಾಜಕುಮಾರ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ, ಪಂಪಭಾರತದ ಹದಿಮೂರನೇ ಆಶ್ವಾಸವನ್ನು, ಅಂದರೆ ಅಧ್ಯಾಯವನ್ನು, ಹಿಗ್ಗಿಸಿ ಹತ್ತು ಆಶ್ವಾಸದ ಕಾವ್ಯ ಮಾಡಿದ. ಎಲ್ಲವೂ ಸರಿ. ಆಮೇಲೆ ದುರ್ಯೋಧನ ರಣರಂಗದಲ್ಲಿ ಹೆಣಗಳನ್ನು ದಾಟುತ್ತಾ ಹೋಗುವ ಭಾಗಕ್ಕೆ ಬಂದರು. ತಮ್ಮ ದುಶ್ಶಾಸನನ ಹೆಣದ ಮುಂದೆ ನಿಂತು ಅವನು ಆಡುವ ಪದ್ಯ ಓದಿದರು. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೆಯ ಊಟವನ್ನು ಮೊದಲು ನಾನು ಉಂಡೆ, ಆಮೇಲೆ ನೀನು. ಚಿಕ್ಕಂದಿನಿಂದ ಎಲ್ಲೂ ನೀನು ಆ ಮರ್ಯಾದೆ ಮೀರಲಿಲ್ಲ. ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋಗಿಬಿಟ್ಟೆಯಲ್ಲ, ಕ್ರಮ ತಪ್ಪಿತಲ್ಲ ಅನ್ನುವ ಪದ್ಯ.

ಓದುವಾಗ ಅವರ ದನಿ ನಡುಗಿತು. ಎಲ್ಲರೂ ಗಮನಿಸಿದೆವು. ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, "ಇದು ಮತ್ತೇಭವಿಕ್ರೀಡಿತ ವೃತ್ತ" ಅಂದು ಮುಂದಕ್ಕೆ ಹೋದರು.

ಪ್ರಶ್ನೆಯ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದಳು: "ಸರ, ಆ ಪದ್ಯ ಓದೂ ಮುಂದ ನಿಮ್ಮ ದನಿ ನಡಗ್ತು. ದುರ್ಯೋಧನ ಅಷ್ಟು ಕೆಟ್ಟಾವ ಇದ್ದರ ರನ್ನ ನಮಗ್ಯಾಕ ಅಳಸ್ತಾನ? ರನ್ನ ಯಾರ ಕಡಿ ಇದ್ದಾನ ಅಂತ ನಿಮಗನಸ್ತದ?"

ಸಭೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಾರರು. ಉತ್ತರ ಹೀಗಿತ್ತು. ಇದರಲ್ಲಿ ಎರಡು ಅಭಿಪ್ರಾಯಗಳಿವೆ. ಕಾವ್ಯಕ್ಕೆ ಸಾಹಸಭೀಮ ವಿಜಯ ಅಂತಲೂ ಹೆಸರಿರುವುದರಿಂದ ಭೀಮನೇ ನಾಯಕ ಅನ್ನುವವರಿದ್ದಾರೆ. ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡವರೂ ಇದ್ದಾರೆ. ಎರಡಕ್ಕೂ ಸಮರ್ಥನೆ ಇದೆ. ಅಷ್ಟು ಹೇಳಿ ಕೂತರು. ವಂದನಾರ್ಪಣೆ ಶುರುವಾಯಿತು.

ಆ ಹೆಣ್ಣುಮಗಳು ಎರಡು ಅಭಿಪ್ರಾಯಗಳ ಪಟ್ಟಿ ಕೇಳಿರಲಿಲ್ಲ. ಅದು ಯಾವ ಗೈಡಿನಲ್ಲೂ ಸಿಗುತ್ತದೆ, ನಮ್ಮ ಅಂಗಡಿಯಲ್ಲೇ ಪುಟಕ್ಕೆ ಇಷ್ಟು ಅಂತ ಸಿಗುತ್ತದೆ. ಅವಳಿಗೆ ಬೇಕಾಗಿದ್ದು ಆ ನಡುಗಿದ ದನಿಯ ಹಿಂದಿನ ವಿಚಾರ. ಆ ಪದ್ಯ ಅವರನ್ನು ಯಾಕೆ ಹಿಡಿಯಿತು? ವರ್ಷಗಟ್ಟಲೆ ಪಾಠ ಮಾಡಿದ ಮೇಲೂ ಯಾಕೆ ಹಿಡಿಯುತ್ತದೆ? ಅದು ಗೊತ್ತಿದ್ದವರು ಆ ಸಭೆಯಲ್ಲಿ ಅವರೊಬ್ಬರೇ.

ಅವರು ಎರಡನೇ ಅಭಿಪ್ರಾಯ ಅಂತ ಹೇಳಿದ್ದು ಯಾರದು ನೋಡಿ. ಸುಮಾರು ನೂರು ವರ್ಷದ ಹಿಂದೆ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ನಾಟಕ ಮಾಡಿದಾಗ ದುರ್ಯೋಧನನನ್ನು ದುರಂತ ನಾಯಕನಾಗಿ ನಿಲ್ಲಿಸಿದರು. ಅವರೂ ಪ್ರಾಧ್ಯಾಪಕರೇ. ಅವರಿಗೂ ಕೆಲಸ ಇತ್ತು, ಸಹೋದ್ಯೋಗಿಗಳಿದ್ದರು, ಒಪ್ಪದ ಪಂಡಿತರಿದ್ದರು. ಆದರೂ ತಮಗೆ ಅನ್ನಿಸಿದ್ದನ್ನು ಹೇಳಿದರು. ಹೇಳಿದ್ದರಿಂದ ಜಗಳ ಹುಟ್ಟಿತು, ಆ ಜಗಳ ಇವತ್ತಿಗೂ ನಡೆದಿದೆ. ಅವರು ಅವತ್ತು "ಸಹೃದಯರಿಗೆ ಬಿಟ್ಟಿದ್ದು" ಅಂದಿದ್ದರೆ ನಿಮಗೆ ಇವತ್ತು ಎಣಿಸಿ ಹೇಳಲು ಎರಡನೇ ಅಭಿಪ್ರಾಯವೇ ಇರುತ್ತಿರಲಿಲ್ಲ.

ಬರೀ ನಿಮ್ಮನ್ನು ಕೇಳಿ ನಾನು ಸುಮ್ನೆ ಕೂರುವುದು ನ್ಯಾಯ ಅಲ್ಲ. ನನ್ನದನ್ನು ಹೇಳಿಬಿಡುತ್ತೇನೆ. 2020ರ ಫೆಬ್ರುವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲಿ ನಡೆದಾಗ ಪುಸ್ತಕದ ಮಳಿಗೆಯಲ್ಲಿ ಗದ್ಯಾನುವಾದ ಇರುವ ಗದಾಯುದ್ಧ ಕೊಂಡಿದ್ದೆ. ನಿಧಾನಕ್ಕೆ ಓದಿದೆ. ಎಲ್ಲ ಮೇಷ್ಟ್ರೂ ಹೇಳುವ ಸಾಲು ಒಂದಿದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ "ನೀರೊಳಗಿರ್ದುಂ ಬೆಮರ್ತನುರಗಪತಾಕಂ", ಅಂದರೆ ನೀರಿನ ಒಳಗಿದ್ದೂ ಬೆವತ. ಸಾಲು ಜೋರಾಗಿದೆ, ಒಪ್ಪಿದೆ. ಸಭೆಯಲ್ಲಿ ಚಪ್ಪಾಳೆ ಗ್ಯಾರಂಟಿ. ಆದರೆ ನನಗೆ ಅದು ಜಾಣತನದ ಸಾಲು ಅನ್ನಿಸುತ್ತದೆ. ಅಲ್ಲಿ ರನ್ನ ದುರ್ಯೋಧನನನ್ನು ದಂಡೆಯ ಮೇಲೆ ನಿಂತು ನೋಡುತ್ತಿದ್ದಾನೆ. ತಮ್ಮನ ಹೆಣದ ಮುಂದಿನ ಪದ್ಯದಲ್ಲಿ ಅವನ ಪಕ್ಕದಲ್ಲೇ ನಿಂತಿದ್ದಾನೆ. ಅಲ್ಲಿ ಉತ್ಪ್ರೇಕ್ಷೆ ಇಲ್ಲ. ಹಾಲು, ಊಟ, ಅಣ್ಣ ಮೊದಲು ತಮ್ಮ ಆಮೇಲೆ ಅನ್ನುವ ಮನೆಯ ಲೆಕ್ಕ ಇದೆ. ಮೂರನೇ ಸಲ ಆ ಲೆಕ್ಕ ತಪ್ಪುತ್ತದೆ, ಅಲ್ಲಿ ಓದುವವನ ಎದೆ ಒಡೆಯುತ್ತದೆ. ರನ್ನ ದೊಡ್ಡ ಕವಿ ಅಂತ ನಾನು ನಂಬುವುದು ಈ ಪದ್ಯದಿಂದ, ಬೆವರಿನ ಸಾಲಿನಿಂದಲ್ಲ. ನೀವು ಒಪ್ಪದೇ ಇರಬಹುದು. ಬೆವರಿನ ಸಾಲಿನಲ್ಲಿ ನನಗೆ ಕಾಣದ್ದು ನಿಮಗೆ ಕಂಡಿರಬಹುದು. ಅದನ್ನು ಹೇಳಿ ಅಂತಲೇ ಈ ಪತ್ರ.

ಪಂಪನ ವಿಷಯಕ್ಕೆ ಬಂದರೂ ಹಾಗೇ. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನ ಜೊತೆ ಬೆಸೆದಿದ್ದ, ಅದಕ್ಕೆ ಹಾಗೆ ಮಾಡಿದ ಅನ್ನುತ್ತೀರಿ. ಕಾರಣ ಗೊತ್ತಾಯಿತು. ಆದರೆ ಕಾವ್ಯಕ್ಕೆ ಅದು ಒಳ್ಳೆಯದಾಯಿತಾ, ಕೆಟ್ಟದಾಯಿತಾ? ಗಂಡನೇ ಅಲ್ಲದ ಭೀಮ ದ್ರೌಪದಿಯ ಮುಡಿ ಕಟ್ಟುವ ಪ್ರತಿಜ್ಞೆ ಮಾಡುತ್ತಾನೆ, ಕಟ್ಟುತ್ತಾನೆ. ಅಷ್ಟೆಲ್ಲ ಆದ ಮೇಲೆ ಪಟ್ಟಾಭಿಷೇಕದ ಹೊತ್ತಿಗೆ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ನನಗೆ ಇದು ಪಂಪ ಮಾಡಿದ ದೊಡ್ಡ ಅನ್ಯಾಯ ಅನ್ನಿಸುತ್ತದೆ. ರಾಜನ ಋಣ ತೀರಿಸಲು ಹೋಗಿ ದ್ರೌಪದಿಯನ್ನು ಕೈಬಿಟ್ಟ. ಅದೇ ಪಂಪ ಕರ್ಣ ಸತ್ತಾಗ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂತ ಎದೆ ತುಂಬಿ ಬರೆದ. ಅರ್ಜುನನೇ ನಾಯಕನಾದ ಕಾವ್ಯದಲ್ಲಿ ಅವನ ವೈರಿಯನ್ನು ನೆನೆ ಅಂತಾನೆ! ಇಂಥ ಕವಿಯ ಬಗ್ಗೆ ಅಭಿಪ್ರಾಯ ಇಲ್ಲದೆ ಇರಲು ಹೇಗೆ ಸಾಧ್ಯ? ನಿಮಗೆ ಇದ್ದೇ ಇದೆ. ಸ್ಟಾಫ್ ರೂಮಿನಲ್ಲಿ, ಕಾರಿನಲ್ಲಿ, ಊಟಕ್ಕೆ ಕೂತಾಗ ನೀವು ಇದನ್ನೆಲ್ಲ ಬಿಸಿಬಿಸಿಯಾಗಿ ಮಾತಾಡುತ್ತೀರಿ. ನಾನೇ ಒಂದೆರಡು ಸಲ ಕಿವಿಯಾರೆ ಕೇಳಿದ್ದೇನೆ. ಮೈಕಿನ ಮುಂದೆ ಬಂದ ಕೂಡಲೇ ಅದೆಲ್ಲ ಎಲ್ಲಿ ಹೋಗುತ್ತದೆ?

ಇದರ ಪರಿಣಾಮ ನನ್ನ ಅಂಗಡಿಗೇ ಬರುತ್ತದೆ, ಅದನ್ನೂ ಹೇಳಬೇಕು. ಎಂ.ಎ. ಓದುವ ಮಕ್ಕಳು ನೋಟ್ಸ್ ತರುತ್ತಾರೆ. ಕವಿಯ ಕಾಲ, ದೇಶ, ಮತ, ಕೃತಿಗಳು, ಬಿರುದುಗಳು. ಒಬ್ಬರ ನೋಟ್ಸಿಗೂ ಇನ್ನೊಬ್ಬರ ನೋಟ್ಸಿಗೂ ಕೈಬರಹ ಬಿಟ್ಟರೆ ವ್ಯತ್ಯಾಸ ಇಲ್ಲ. ಪಿಎಚ್.ಡಿ. ಪ್ರಬಂಧಗಳು ಬೈಂಡಿಂಗಿಗೆ ಬರುತ್ತವೆ. ಪುಟ ಹೊಂದಿಸುವಾಗ ಕೊನೆಯ ಅಧ್ಯಾಯ ಓದುತ್ತೇನೆ, ಏನು ಕಂಡುಕೊಂಡರು ನೋಡೋಣ ಅಂತ. ಬೆಳಕು ಚೆಲ್ಲುವ ಪ್ರಯತ್ನ ಮಾಡಲಾಗಿದೆ, ಹೆಚ್ಚಿನ ಅಧ್ಯಯನಕ್ಕೆ ಅವಕಾಶವಿದೆ ಅಂತ ಇರುತ್ತದೆ. ನಾಲ್ಕೈದು ವರ್ಷ ಒಂದು ಕಾವ್ಯದ ಜೊತೆ ಬದುಕಿದ ಹುಡುಗಿ, ಆ ಕಾವ್ಯ ಚೆನ್ನಾಗಿದೆಯೋ ಇಲ್ಲವೋ ಅಂತ ಒಂದು ಸಾಲು ಬರೆದಿರುವುದಿಲ್ಲ. ಒಬ್ಬಳನ್ನು ಕೇಳಿಯೂ ಕೇಳಿದೆ. "ಅಂಕಲ್, ನನಗ ಹಿಂಗ ಅನಸ್ತದ ಅಂತ ಬರೀಬಾರದು ಅಂತ ಗೈಡ್ ಹೇಳ್ಯಾರ್ರಿ" ಅಂದಳು. ಆಮೇಲೆ ಅಲ್ಲೇ ನಿಂತು, ಬೈಂಡಿಂಗ್ ಒಣಗುವ ತನಕ, ಆ ಕವಿಯ ಬಗ್ಗೆ ಅವಳು ಮಾತಾಡಿದ್ದು ಆ ಇಡೀ ಪ್ರಬಂಧಕ್ಕಿಂತ ಚೆನ್ನಾಗಿತ್ತು. ಯಾವ ಸಂಧಿ ಓದುವಾಗ ನಿದ್ದೆ ಬಂತು, ಎಲ್ಲಿ ಕವಿ ಕಥೆಯನ್ನು ಮರೆತು ವರ್ಣನೆಗೆ ಬಿದ್ದ, ಯಾವ ಒಂದು ಪದ್ಯವನ್ನು ಅವಳು ತನ್ನ ಅವ್ವನಿಗೆ ಓದಿ ಹೇಳಿದಳು. ಅದೊಂದೂ ಆ ರಟ್ಟಿನ ಒಳಗೆ ಹೋಗಲಿಲ್ಲ.

ವಿದ್ವತ್ತು ಅಂದರೆ ವಸ್ತುನಿಷ್ಠವಾಗಿರಬೇಕು, ಅಭಿಪ್ರಾಯ ಹೇಳುವುದು ನಮ್ಮ ಕೆಲಸ ಅಲ್ಲ ಅಂತ ನಿಮ್ಮಲ್ಲಿ ಕೆಲವರು ಅಂದದ್ದು ಕೇಳಿದ್ದೇನೆ. ಓಲೆಗರಿ ಓದುವ, ಪಾಠಾಂತರ ಹೊಂದಿಸುವ, ಕಾಲ ನಿರ್ಣಯ ಮಾಡುವ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಅದಿಲ್ಲದಿದ್ದರೆ ನನ್ನ ಕೈಗೆ ಗದಾಯುದ್ಧ ಬರುತ್ತಲೇ ಇರಲಿಲ್ಲ. ಆದರೆ ನೀವು ನಿಂತ ನೆಲವನ್ನೇ ಒಮ್ಮೆ ನೋಡಿ. ಕಲಬುರಗಿಯಿಂದ ಸೇಡಂ ಕಡೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ. ಅದು ಏನು ಪುಸ್ತಕ? ಕಾವ್ಯ ಹೇಗಿದ್ದರೆ ಚೆನ್ನ, ಹೇಗಿದ್ದರೆ ಚೆನ್ನಾಗಿಲ್ಲ ಅಂತ ಹೇಳುವ ಪುಸ್ತಕ! ದೋಷ ಇದು ಅಂತ ಬೆರಳಿಟ್ಟು ತೋರಿಸುತ್ತದೆ. ಸಂಸ್ಕೃತವನ್ನೂ ಕನ್ನಡವನ್ನೂ ಗೊತ್ತುಗುರಿ ಇಲ್ಲದೆ ಸಮಾಸ ಮಾಡಿದರೆ ಕಾಯುತ್ತಿರುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ರಸ ಕೆಡುತ್ತದೆ ಅಂತ ಆ ಪುಸ್ತಕ ಬರೆದವನು ಹೇಳಿದ. ಇದರಲ್ಲಿ ಎರಡು ಅಭಿಪ್ರಾಯಗಳಿವೆ ಅಂತ ಹೇಳಿ ಕೂರಲಿಲ್ಲ. ಕೃತಿ ನೃಪತುಂಗನದೋ ಅವನ ಆಸ್ಥಾನದ ಕವಿ ಶ್ರೀವಿಜಯನದೋ ಅನ್ನುವ ಚರ್ಚೆಯನ್ನು ನಾವು ನಿಮ್ಮಿಂದ ಬಹಳ ಸಲ ಕೇಳಿದ್ದೇವೆ. ಅದರ ಕರ್ತೃ ಹೇಳಿದ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ಇವತ್ತಿಗೆ ಸಲ್ಲದು ಅಂತ ಒಬ್ಬರಿಂದಲೂ ಕೇಳಿಲ್ಲ.

ಅದೇ ಪುಸ್ತಕ ಈ ನಾಡಿನ ಜನರ ಬಗ್ಗೆ ಹೇಳಿದ್ದನ್ನು ನೀವು ಪ್ರತಿ ನವೆಂಬರ್‌ನಲ್ಲೂ ವೇದಿಕೆ ಮೇಲೆ ಹೇಳುತ್ತೀರಿ, "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್", ಅಂದರೆ ಓದದೆಯೂ ಕಾವ್ಯದಲ್ಲಿ ನುರಿತವರು ಅಂತ. ಅದರ ಹಿಂದಿನ ಸಾಲು ಅಷ್ಟಾಗಿ ಹೇಳುವುದಿಲ್ಲ. "ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್." ಹದ ತಿಳಿದು ಮಾತಾಡಬಲ್ಲರು, ಆಡಿದ್ದನ್ನು ಅರಿತು ತೂಗಿನೋಡಲೂ ಬಲ್ಲರು ಅಂತ. ಸುಮಾರು 1,170 ವರ್ಷದ ಹಿಂದೆ ನಮ್ಮ ಮೇಲೆ ಒಬ್ಬರು ಇಟ್ಟ ಈ ನಂಬಿಕೆಯನ್ನು ನೀವೂ ಇಡಿ ಅಂತ ಕೇಳುತ್ತಿದ್ದೇವೆ. ನೀವು ಒಂದು ಮಾತು ಹೇಳಿದರೆ ನಾವು ಕುರುಡಾಗಿ ನಂಬಿಬಿಡುವುದಿಲ್ಲ. ತೂಗುತ್ತೇವೆ.

ಮಳಖೇಡ ಒಂದೇ ಅಲ್ಲ. ನಮ್ಮ ಜಿಲ್ಲೆಯ ಮರತೂರು ವಿಜ್ಞಾನೇಶ್ವರನ ಊರು. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದವನು. ಆಸ್ತಿಯಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೋ, ತಂದೆ ಸತ್ತ ಮೇಲೆ ಬರುತ್ತದೋ ಅಂತ ವಾದ ಇತ್ತು. ಅವನು ಹಿಂದಿನವರ ಮಾತುಗಳನ್ನೆಲ್ಲ ತಂದು, ವಾದ ಮಾಡಿ, ಹುಟ್ಟಿನಿಂದಲೇ ಅಂತ ಹೇಳಿದ. ಬ್ರಿಟಿಷರ ಕಾಲದ ಕೋರ್ಟುಗಳೂ ಆ ಮಾತಿನ ಮೇಲೆ ತೀರ್ಪು ಕೊಟ್ಟವು. ಅವನಷ್ಟು ಓದಿದವರು ನಮ್ಮ ನಡುವೆ ಯಾರಿದ್ದಾರೆ? ಓದು ಜಾಸ್ತಿಯಾದಷ್ಟೂ ಅವನ ಮಾತು ಗಟ್ಟಿಯಾಯಿತು.

ಬೀದರ್ ಜಿಲ್ಲೆಯ ಬಸವಕಲ್ಯಾಣದ ಬಗ್ಗೆ ನಾನು ನಿಮಗೆ ಹೇಳುವುದೇ ಬೇಡ. ಅಲ್ಲಿನ ಶರಣರ ಸಂವಾದಗಳನ್ನು ಹೇಳುವ ಶೂನ್ಯಸಂಪಾದನೆ ತೆರೆದರೆ ಅಲ್ಲಮ ಯಾರನ್ನು ಬಿಟ್ಟಿದ್ದಾನೆ? ಎಲ್ಲ ಬಿಟ್ಟು ಬಂದವಳು ಕೂದಲಿನಿಂದ ಮೈ ಯಾಕೆ ಮುಚ್ಚಿಕೊಂಡಿದ್ದೀ ಅಂತ ಅಕ್ಕಮಹಾದೇವಿಯನ್ನೇ ಕೇಳುತ್ತಾನೆ. ಅವಳೂ ತಲೆ ತಗ್ಗಿಸದೆ ಉತ್ತರ ಕೊಡುತ್ತಾಳೆ. ಆಯ್ದಕ್ಕಿ ಲಕ್ಕಮ್ಮನ ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ ಅವಳು "ಈಸಕ್ಕಿಯಾಸೆ ನಿಮಗೇಕೆ" ಅಂತ ಮುಖಕ್ಕೆ ಹೇಳುತ್ತಾಳೆ. ಈ ವಚನಗಳನ್ನು ಹಾಡಿ ಹೊಗಳುವ ಸಭೆಗಳಲ್ಲೇ, ವಚನಗಳಲ್ಲಿ ಯಾವುದು ಕಾವ್ಯ, ಯಾವುದು ಬರೀ ಬೋಧನೆ ಅಂತ ಕೇಳಿದರೆ ನೀವು ನೀರು ಕುಡಿಯುತ್ತೀರಿ. ಸಾವಿರಾರು ವಚನ ಇವೆ. ಎಲ್ಲವೂ ಒಂದೇ ತೂಕದವು ಆಗಿರಲು ಸಾಧ್ಯವೇ ಇಲ್ಲ.

ಈ ಊರಿನ ಕಿವಿಗಳಿಗೆ ತೂಗುವುದು ಹೊಸದೂ ಅಲ್ಲ. ನಮ್ಮಲ್ಲಿ ಮುಷಾಯರಾ, ಅಂದರೆ ಉರ್ದು ಕವಿಗೋಷ್ಠಿ, ನಡೆಯುತ್ತದೆ. ಶೇರ್, ಅಂದರೆ ಎರಡು ಸಾಲಿನ ಪದ್ಯ, ಚೆನ್ನಾಗಿದ್ದರೆ ಅಲ್ಲೇ ವಾಹ್ ಅನ್ನುತ್ತಾರೆ, ಇನ್ನೊಂದು ಸಲ ಹೇಳಿ ಅನ್ನುತ್ತಾರೆ. ಚೆನ್ನಾಗಿಲ್ಲದಿದ್ದರೆ ತಣ್ಣಗೆ ಇರುತ್ತಾರೆ, ಶಾಯರನಿಗೂ ಗೊತ್ತಾಗುತ್ತದೆ. ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ಭಜನೆಗೆ ಕೂತು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುತ್ತಾರೆ. ಹಾಡು ಮುಗಿದ ಮೇಲೆ ಒಬ್ಬ ಅದರ ಅರ್ಥ ಬಿಡಿಸುತ್ತಾನೆ, ಇನ್ನೊಬ್ಬ ಹಂಗಲ್ಲೋ ಅನ್ನುತ್ತಾನೆ, ಬೆಳಗಿನ ತನಕ ನಡೆಯುತ್ತದೆ. ಅವರಲ್ಲಿ ಶಾಲೆಗೆ ಹೋಗದವರೂ ಇದ್ದಾರೆ. ಅವರಿಗಿರುವ ಧೈರ್ಯ ನಿಮಗೆ ಇರಬಾರದೇ?

ಧೈರ್ಯ ಅಂದೆ. ಇಲ್ಲಿ ನಾನು ನಿಂತು ಮಾತಾಡಬೇಕು, ಯಾಕೆಂದರೆ ನಿಮ್ಮ ಹೆದರಿಕೆ ಸುಳ್ಳಲ್ಲ. ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಶಾಸನ, ಹಸ್ತಪ್ರತಿ, ವಚನ ಅಂತ ಜೀವನ ಸವೆಸಿದ ಮನುಷ್ಯ. ಅದಾದ ಮೇಲೆ ನೀವು ಮಾತನ್ನು ಅಳೆದು ತೂಗಿ ಆಡಿದರೆ ನಿಮ್ಮನ್ನು ಹೇಡಿ ಅನ್ನುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಒಂದು ಗಂಟೆಯ ಭಾಷಣದಲ್ಲಿ ಹತ್ತು ಸೆಕೆಂಡ್ ಕತ್ತರಿಸಿ ವಾಟ್ಸಾಪಿನಲ್ಲಿ ಹರಿಬಿಡುವವರಿದ್ದಾರೆ. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಇದೆಲ್ಲ ನಮಗೆ ಅರ್ಥವಾಗುತ್ತದೆ.

ಆದರೆ ಎಲ್ಲ ಮೌನವೂ ಆ ಹೆದರಿಕೆಯಿಂದ ಬಂದದ್ದಲ್ಲ. ಪೊನ್ನನ ಶಾಂತಿಪುರಾಣ ರನ್ನನ ಗದಾಯುದ್ಧದ ಎತ್ತರಕ್ಕೆ ಏರುತ್ತದೆಯೇ ಅಂದರೆ ಯಾರೂ ಕಲ್ಲು ಹೊಡೆಯುವುದಿಲ್ಲ. ಗದ್ಯ ಪದ್ಯ ಬೆರೆತ ಚಂಪೂ ಕಾವ್ಯಗಳಲ್ಲಿ ಬರುವ ಅಷ್ಟಾದಶ, ಅಂದರೆ ಹದಿನೆಂಟು ಬಗೆಯ, ವರ್ಣನೆಗಳು ಇವತ್ತಿನ ಓದುಗನಿಗೆ ಭಾರವೇ ಅಂದರೆ ಯಾರ ಭಾವನೆಗೂ ಧಕ್ಕೆ ಆಗುವುದಿಲ್ಲ. ಅಲ್ಲೂ ನೀವು ಮಾತಾಡುವುದಿಲ್ಲ. ಅಲ್ಲಿ ತಡೆಯುವುದು ಬೇರೆ. ನಮ್ಮ ಗುರುಗಳ ಗುರುಗಳು ಹೊಗಳಿದ ಕಾವ್ಯವನ್ನು ನಾನು ಹೇಗೆ ಚೆನ್ನಾಗಿಲ್ಲ ಅನ್ನಲಿ? ಮುಂದೆ ಕೂತ ಹಿರಿಯರಿಗೆ ಬೇಸರ ಆದರೆ? ನಾಳೆ ಸಂದರ್ಶನದ ಸಮಿತಿಯಲ್ಲಿ ಅವರೇ ಇದ್ದರೆ? ಇದು ಜೀವಭಯ ಅಲ್ಲ. ಇದನ್ನು ದಾಟಬಹುದು. ದಾಟಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಿಂದಿನ ಕವಿಗಳಿಗೆ ಈ ದಾಕ್ಷಿಣ್ಯ ಇರಲಿಲ್ಲ ನೋಡಿ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ ಅಂತ ಕುಮಾರವ್ಯಾಸ ಬರೆದ. ನಯಸೇನ, ಶುದ್ಧ ಕನ್ನಡದ ನಡುವೆ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಅಂದ. ರನ್ನನಂತೂ ತನ್ನ ಕಾವ್ಯವನ್ನು ಪರೀಕ್ಷೆ ಮಾಡುವವನಿಗೆ ಎಂಟೆದೆ ಇದೆಯೇ ಅಂತ ನೇರವಾಗಿ ಸವಾಲು ಹಾಕಿದ. ಸಾವಿರ ವರ್ಷ ಆಯಿತು, ಆ ಸವಾಲು ಹಾಗೇ ಇದೆ. ನಿಮ್ಮನ್ನು ಬಿಟ್ಟು ಬೇರೆ ಯಾರು ಎದ್ದು ನಿಲ್ಲಬೇಕು ಸರ್?

ನನ್ನನ್ನು ಬಹಳ ಕಾಡುವ ಒಂದು ಪ್ರಸಂಗ ಹೇಳಿ ನಿಮ್ಮ ಮುಂದೆ ಇಡುತ್ತೇನೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೆಣ್ಣುಮಕ್ಕಳು, ಹೊಲತಿಯರು, ರಾಜನ ಮುಂದೆ ಬಂದು ಹಾಡುತ್ತಾರೆ. ರಾಜ ಮೆಚ್ಚಿ ಒಡವೆ ಕೊಡುತ್ತಾನೆ. ಅವರು ಬೆಳ್ಗೊಡೆ, ಅಂದರೆ ರಾಜನ ಬಿಳಿ ಕೊಡೆ, ಕೇಳುತ್ತಾರೆ, ಕೊಡಲ್ಲ ಅನ್ನುತ್ತಾನೆ. ಹಾಗಾದರೆ ನಮಗೆ ಗಂಡನಾಗು ಅನ್ನುತ್ತಾರೆ. ಕುಲದ ಮಾತು ಎತ್ತಿ ಸಿಟ್ಟಾಗುತ್ತಾನೆ. ಆಗ ಅವರು ಕೇಳುವ ಪ್ರಶ್ನೆ ಇದೆಯಲ್ಲ, ಕನ್ನಡದಲ್ಲಿ ಅಂಥ ಪ್ರಶ್ನೆ ಬಹಳ ಇಲ್ಲ. ನಮ್ಮ ಹಾಡು ಕೇಳಿದ ಕಿವಿಗೆ ಹೊಲೆ, ಅಂದರೆ ಮೈಲಿಗೆ, ತಾಗಲಿಲ್ಲ. ನಮ್ಮ ರೂಪು ನೋಡಿದ ಕಣ್ಣಿಗೆ ತಾಗಲಿಲ್ಲ. ನಮ್ಮನ್ನು ಮಾತಾಡಿಸಿದ ಬಾಯಿಗೆ, ನಮ್ಮ ಮೈಯ ಪರಿಮಳ ಹಿಡಿದ ಮೂಗಿಗೆ ತಾಗಲಿಲ್ಲ. ಮುಟ್ಟಿದರೆ ಮಾತ್ರ ತಾಗುತ್ತದೆಯೇ? ಐದು ಇಂದ್ರಿಯಗಳಲ್ಲಿ ನಾಲ್ಕು ಕೀಳು, ಒಂದು ಮೇಲೆ?

ರಾಜನಿಗೆ ಉತ್ತರ ಇಲ್ಲ. ಚಾವಟಿ ಎತ್ತುತ್ತಾನೆ. ವಿಶ್ವಾಮಿತ್ರ ಬಂದು ಇವರನ್ನು ಮದುವೆಯಾಗು, ಇಲ್ಲ ರಾಜ್ಯ ಬಿಡು ಅಂದಾಗ ರಾಜ್ಯವನ್ನೇ ಬಿಡುತ್ತಾನೆ. ಮುಂದೆ ಕಾಶಿಯ ಸ್ಮಶಾನದಲ್ಲಿ ಆ ಹೆಣ್ಣುಮಕ್ಕಳ ಕುಲದವನೇ ಆದ ವೀರಬಾಹುಕನ ಆಳಾಗಿ ದುಡಿಯುತ್ತಾನೆ.

ನನ್ನ ಪ್ರಶ್ನೆ ಇಷ್ಟು. ಈ ಜಾಗದಲ್ಲಿ ಸತ್ಯವಂತ ಯಾರು? ಆ ಹೆಣ್ಣುಮಕ್ಕಳ ಬಾಯಲ್ಲಿ ಅಷ್ಟು ಬಲವಾದ ವಾದ ಇಟ್ಟ ರಾಘವಾಂಕ ಅವರ ಕಡೆ ಇದ್ದನಾ, ಚಾವಟಿಯ ಕಡೆ ಇದ್ದನಾ? ಮುಂದೆ ರಾಜನನ್ನು ಅದೇ ಜಾತಿಯವನ ಆಳು ಮಾಡಿದ್ದು ಆ ಪ್ರಶ್ನೆಗೆ ಕವಿ ಕೊಟ್ಟ ಉತ್ತರವಾ, ಅಥವಾ ಹಳೆಯ ಕಥೆ ಹಾಗಿತ್ತು ಅಂತ ಸುಮ್ನೆ ಬಂದದ್ದಾ? ಹರಿಶ್ಚಂದ್ರನನ್ನು ಚಿಕ್ಕಂದಿನಿಂದ ಪೂಜೆ ಮಾಡುತ್ತಾ ಬಂದ ನಾನು ಈ ಪುಟ ಓದಿದ ಮೇಲೂ ಮೆಚ್ಚಬೇಕಾ? ಕಾವ್ಯ ಇಲ್ಲಿ ನಾಯಕನಿಗಿಂತ ದೊಡ್ಡದಾಯಿತು ಅಂತ ನನಗೆ ಅನ್ನಿಸುತ್ತದೆ. ರಾಘವಾಂಕ ಆ ಹೆಣ್ಣುಮಕ್ಕಳಿಗೆ ಸೋಲುವ ವಾದ ಕೊಟ್ಟಿದ್ದರೆ ರಾಜನ ಮಾನ ಉಳಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಗೆಲ್ಲುವ ವಾದ ಕೊಟ್ಟ, ಅದಕ್ಕೆ ಉತ್ತರ ಇಲ್ಲದೆ ರಾಜ ಚಾವಟಿ ಹಿಡಿದದ್ದನ್ನು ಮುಚ್ಚಿಡದೆ ಬರೆದ. ನಿಮ್ಮ ಓದಿನಲ್ಲಿ ಇದು ಹೇಗಿದೆ? ಒಬ್ಬರು ಉಪನ್ಯಾಸದಲ್ಲಿ ಈ ಇಡೀ ಪ್ರಸಂಗ ಹೇಳಿ, "ಇದು ಇಂದಿಗೂ ಚರ್ಚಾಸ್ಪದ" ಅಂತ ಮುಗಿಸಿದರು. ಚರ್ಚಾಸ್ಪದ ಆದರೆ ಚರ್ಚೆ ಮಾಡೋಣ ಬನ್ನಿ ಸರ್!

ಇನ್ನು ನನ್ನಂಥ ಕೇಳುಗರಿಗೂ ಒಂದು ಮಾತು. ಪ್ರಾಧ್ಯಾಪಕರು ಬಾಯಿ ಬಿಟ್ಟು ಹೇಳಬೇಕಾದರೆ ನಾವು ಕೇಳುವ ರೀತಿ ಸರಿ ಇರಬೇಕು. ಅವರು ನಮಗೆ ಇಷ್ಟವಾದ ಕವಿಯನ್ನು ಬೈದರೆ ಕವಿಗೆ ಅವಮಾನ ಅಂತ ಎದ್ದು ಕೂಗುವುದಲ್ಲ. ಪುಸ್ತಕ ತೆಗೆದು, ಈ ಪದ್ಯ ನೋಡಿ ಸರ್, ಇದಕ್ಕೇನಂತೀರಿ ಅಂತ ಕೇಳುವುದು. ಭಾಷಣ ಕತ್ತರಿಸಿ ಹಂಚುವವನು ನಮ್ಮ ಗುಂಪಿನಲ್ಲೇ ಇದ್ದರೆ ಅವನಿಗೆ ನಾವೇ ಹೇಳಬೇಕು. ಇನ್ನೊಬ್ಬರ ವಿಚಾರವನ್ನು, ಧರ್ಮವನ್ನು ಸಹಿಸುವುದೇ ಬಂಗಾರ ಅಂತ ಕವಿರಾಜಮಾರ್ಗ ಹೇಳಿದೆ, "ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಧರ್ಮಮುಮಂ". ಇದನ್ನೂ ಮಳಖೇಡದಲ್ಲೇ ಬರೆದದ್ದು. ನೀವು ಹೇಳಿದ್ದು ನಮಗೆ ಸರಿ ಬರದಿದ್ದರೂ ಸಭೆ ಬಿಟ್ಟು ಏಳುವುದಿಲ್ಲ ಅಂತ ನಾನು ಮತ್ತು ನನ್ನ ಜೊತೆ ಬರುವವರು ಮಾತು ಕೊಡುತ್ತೇವೆ.

ದೊಡ್ಡ ಬದಲಾವಣೆ ಏನೂ ಕೇಳುತ್ತಿಲ್ಲ. ಕವಿಪರಿಚಯವನ್ನು ಹತ್ತು ನಿಮಿಷಕ್ಕೆ ಮುಗಿಸಿ. ಬೇಕಾದರೆ ಅದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ನಾನು ಬಂದವರಿಗೆಲ್ಲ ಪ್ರತಿ ಮಾಡಿ ಹಂಚುತ್ತೇನೆ, ದುಡ್ಡು ಬೇಡ. ಉಳಿದ ಹೊತ್ತಿನಲ್ಲಿ ನಿಮಗೆ ಇಷ್ಟವಾದ ಒಂದು ಪದ್ಯ, ಇಷ್ಟವಾಗದ ಒಂದು ಪದ್ಯ ಓದಿ, ಯಾಕೆ ಅಂತ ಹೇಳಿ. ನಿಮ್ಮ ವಿದ್ಯಾರ್ಥಿಗಳಿಗೆ ಪ್ರಬಂಧದ ಕೊನೆಯಲ್ಲಿ ನಾಲ್ಕು ಪುಟ ತಮ್ಮ ಮನಸ್ಸಿನ ಮಾತು ಬರೆಯಲು ಬಿಡಿ, ಆಧಾರ ಕೊಟ್ಟು ಬರೆಯಲಿ. ಪ್ರಶ್ನೆಗೆ ಅಂತ ಇಟ್ಟ ಸಮಯವನ್ನು ಸನ್ಮಾನಕ್ಕೆ ಕೊಡಬೇಡಿ.

ಇನ್ನೊಂದು ಕೋರಿಕೆ ಇದೆ. ಈ ದೀಪಾವಳಿ ಆದ ಮೇಲೆ, ಬಿಸಿಲು ಕಡಿಮೆ ಇರುವ ಒಂದು ಭಾನುವಾರ, ಮಳಖೇಡದಲ್ಲಿ ಸೇರೋಣ. ಮೂರು ಜಿಲ್ಲೆಯ ಯಾರು ಬೇಕಾದರೂ ಬರಲಿ. ವೇದಿಕೆ ಬೇಡ, ಶಾಲು ಹಾರ ಬೇಡ. ವಿಷಯ ಒಂದೇ: ಹಳಗನ್ನಡ, ನಡುಗನ್ನಡದಲ್ಲಿ ನಾನು ಮೆಚ್ಚುವ ಒಂದು ಕೃತಿ, ಮೆಚ್ಚದ ಒಂದು ಕೃತಿ, ಕಾರಣ ಸಮೇತ. ಮೊದಲು ನೀವು ಮಾತಾಡಿ, ಆಮೇಲೆ ನಾವು ಕೇಳುತ್ತೇವೆ, ಆಮೇಲೆ ಜಗಳ. ಬಸ್ಸು, ಊಟ, ಚಹಾ ಕೇಳುಗರ ಖರ್ಚು. ಹರಿಶ್ಚಂದ್ರ ಕಾವ್ಯದ ಆ ಪ್ರಸಂಗದ ಪದ್ಯಗಳನ್ನು ನಾನು ಪ್ರತಿ ಮಾಡಿಸಿ ತರುತ್ತೇನೆ. ಯಾವ ಭಾನುವಾರ ಅಂತ ನೀವೇ ತಿಳಿಸಿ.

ಇಂತಿ,
ಕಲಬುರಗಿಯ ಒಬ್ಬ ಕೇಳುಗ